ಜೋಸೆಫ್ ಹೌ ಮಾನಹಾನಿ ಮೊಕದ್ದಮೆ ಗೆದ್ದದ್ದು ಹೇಗೆ?

ಅಚ್ಚಿನಮನೆ:
ಇಂದು ಕೆನಡಾಕ್ಕೆ ಸೇರಿರುವ ನೋವಾ ಸ್ಕೋಷಿಯಾ ಬ್ರಿಟಿಷ್ ವಸಾಹತಾಗಿದ್ದಾಗ ‘ನೋವಾಸ್ಕೋಷಿಯನ್’ ಪತ್ರಿಕೆಯ ಒಡೆಯರಾಗಿದ್ದ ಜೋಸೆಫ್ ಹೌ, 1835ರ ಮಾನಹಾನಿ ಮೊಕದ್ದಮೆಯಲ್ಲಿ ಖುಲಾಸೆಯಾದರೆಂದು ಓದಿದೆ. ಆದರೆ ಅಂದಿನ ಕಾನೂನಿನಲ್ಲಿ, ಅಚ್ಚಾದದ್ದು ನಿಜವೆಂದು ತೋರಿಸಿದರೂ ಆಪಾದಿತ ಪಾರಾಗುವಂತಿರಲಿಲ್ಲ. ಹಾಗಾದರೆ ಅವರು ಗೆದ್ದದ್ದು ಹೇಗೆ? ಅವರು ರಾಜಕೀಯಕ್ಕೆ ಬಂದದ್ದು ಈ ಗೆಲುವಿನಿಂದಲೇ?

ಕಟಕಟೆ:
ಕಾನೂನಿನ ಪ್ರಕಾರ ಅವರು ಸೋಲಬೇಕಿತ್ತು. ಆ ವರ್ಷದ ಜನವರಿ 1ರಂದು ಅವರು ಅಚ್ಚುಹಾಕಿದ, ‘ಜನತೆ’ ಎಂಬ ಸಹಿಯಿದ್ದ ಪತ್ರವೊಂದು, ಹ್ಯಾಲಿಫ್ಯಾಕ್ಸ್ ನಗರದ ಮ್ಯಾಜಿಸ್ಟ್ರೇಟರೂ ಪೊಲೀಸರೂ 30 ವರ್ಷಗಳಲ್ಲಿ 30,000 ಪೌಂಡುಗಳನ್ನು ಜನರ ಜೇಬಿನಿಂದ ಕಸಿದಿದ್ದಾರೆಂದು ಆಪಾದಿಸಿತ್ತು. ವಕೀಲರು ಕೈಚೆಲ್ಲಿದಾಗ ಹೌ ಕಾನೂನು ಪುಸ್ತಕಗಳನ್ನು ಎರವಲು ತಂದು, ಒಂದು ವಾರ ಓದಿ, ಆರು ಗಂಟೆಗೂ ಮೀರಿ ತಾವೇ ವಾದಿಸಿದರು. ಅವರು ಮಾತಾಡಿದ್ದು ನ್ಯಾಯಪೀಠಕ್ಕಲ್ಲ, ಅದೇ ಊರಿನಲ್ಲಿ ತೆರಿಗೆ ಕಟ್ಟುತ್ತಿದ್ದ ಜ್ಯೂರಿಗೆ. ಇದು ಮಾನಹಾನಿಯೇ ಎಂದು ಮುಖ್ಯ ನ್ಯಾಯಾಧೀಶ ಬ್ರೆಂಟನ್ ಹ್ಯಾಲಿಬರ್ಟನ್ ಹೇಳಿದರೂ ಜ್ಯೂರಿ ಹತ್ತೇ ನಿಮಿಷದಲ್ಲಿ ನಿರ್ದೋಷಿಯೆಂದಿತು. ಕಾನೂನು ಮಾತ್ರ ಇದ್ದಂತೆಯೇ ಉಳಿಯಿತು.

ಹಳೆಕಡತ:
ಎರಡನೆಯ ಪ್ರಶ್ನೆಗೆ ನನ್ನ ಉತ್ತರ: ಮೊಕದ್ದಮೆ ನೆಪವಾಯಿತು, ನೆಲ ಹದವಾದದ್ದು ಪತ್ರಿಕೆಯಿಂದ. 23ನೆಯ ವಯಸ್ಸಿನಲ್ಲಿ ಅದನ್ನು ಕೊಂಡ ಹೌ, ಶಾಸನಸಭೆಯ ಚರ್ಚೆಗಳನ್ನು ವಿವರವಾಗಿ ವರದಿ ಮಾಡಿದರು. ಕುದುರೆಯೇರಿ ಹಳ್ಳಿಹಳ್ಳಿ ಸುತ್ತಿದರು. ಅವರು ಊರಲ್ಲಿಲ್ಲದಾಗ ಪತ್ರಿಕೆಯನ್ನು ನೋಡಿಕೊಂಡವರು ಪತ್ನಿ. 1836ರಲ್ಲಿ ಅವರು ಶಾಸನಸಭೆಗೆ ಆರಿಸಿಬಂದಾಗ, ಅಲ್ಲಿನ ಒಳಹೊರಗು ಅವರಿಗೆ ಹೊಸದಾಗಿರಲಿಲ್ಲ. ಅವರು ಹೋರಾಡಿದ ಜವಾಬ್ದಾರಿ ಸರ್ಕಾರ, ಅಂದರೆ ಚುನಾಯಿತ ಶಾಸನಸಭೆಗೆ ಉತ್ತರ ಹೇಳಬೇಕಾದ ಮಂತ್ರಿಮಂಡಲ, 1848ರಲ್ಲಿ ಬಂದಿತು. ಬ್ರಿಟಿಷ್ ವಸಾಹತುಗಳಲ್ಲಿ ಅದು ಮೊದಲನೆಯದು. ನಡುವೆ 1840ರಲ್ಲಿ ಅದೇ ನ್ಯಾಯಾಧೀಶರ ಮಗ ಅವರನ್ನು ದ್ವಂದ್ವಯುದ್ಧಕ್ಕೆ ಕರೆದಿದ್ದ. ಅವನ ಗುಂಡು ಗುರಿ ತಪ್ಪಿತು, ಹೌ ತಮ್ಮ ಗುಂಡನ್ನು ಗಾಳಿಗೆ ಹಾರಿಸಿದರು.

ಅಚ್ಚಿನಮನೆ:
ಇಬ್ಬರಿಗೂ ಧನ್ಯವಾದಗಳು. ಬ್ರಿಟಿಷ್ ವಸಾಹತುಗಳು ಕೂಡಿ 1867ರಲ್ಲಿ ಆದ ಕೆನಡಾ ಒಕ್ಕೂಟವನ್ನು ಹೌ ವಿರೋಧಿಸಿ, ಬಳಿಕ ಅದರ ಮಂತ್ರಿಯೇ ಆದರಲ್ಲ, ಅದು ಮಾತು ತಪ್ಪಿದಂತಲ್ಲವೇ?

ಹಳೆಕಡತ:
ಅಂದಿನ ಅನೇಕ ಬೆಂಬಲಿಗರು ಹಾಗೆಯೇ ತಿಳಿದರು. ನಾನು ಅಷ್ಟು ಕಠಿಣವಾಗಿ ಹೇಳಲಾರೆ. 1867ರಲ್ಲಿ ಒಕ್ಕೂಟದ ಸಂಸತ್ತಿನಲ್ಲಿ ನೋವಾ ಸ್ಕೋಷಿಯಾ ಪ್ರಾಂತ್ಯಕ್ಕಿದ್ದ 19 ಸ್ಥಾನಗಳಲ್ಲಿ 18 ಒಕ್ಕೂಟ ವಿರೋಧಿಗಳ ಪಾಲಾದರೂ, ಒಕ್ಕೂಟದಿಂದ ಬಿಡುಗಡೆ ಕೇಳಲು ಹೋದ ಹೌ ಲಂಡನ್ನಿನಿಂದ ಬರಿಗೈಯಲ್ಲಿ ಮರಳಿದರು. ಮುಂದೆ ಉಳಿದಿದ್ದ ದಾರಿ ಚೌಕಾಶಿಯೊಂದೇ. 1869ರಲ್ಲಿ ಪ್ರಾಂತ್ಯಕ್ಕೆ ಹೆಚ್ಚಿನ ಅನುದಾನ ಪಡೆದು ಮಂತ್ರಿಯಾದರು. 1873ರ ಮೇ ತಿಂಗಳಲ್ಲಿ, ತಾವು ಒಂದು ಕಾಲದಲ್ಲಿ ಸೆಣಸಿದ್ದ ಗವರ್ನರರ ಅದೇ ನಿವಾಸಕ್ಕೆ ಲೆಫ್ಟಿನೆಂಟ್ ಗವರ್ನರರಾಗಿ ಹೋದ ಹೌ, ಮೂರೇ ವಾರಗಳಲ್ಲಿ, ಜೂನ್ 1ರಂದು ಅಲ್ಲಿಯೇ ತೀರಿಕೊಂಡರು.