ಡ್ರಮ್ ಕಿಟ್‌ನಲ್ಲಿ ಎರಡನೇ ಸ್ನೇರ್ ಇಟ್ಟರೆ ಪ್ರಯೋಜನ ಉಂಟಾ?

ಕುಂಬಳೆಯವ:
ನಮ್ಮದು ರಸಮಂಜರಿ ತಂಡ. ಬದಿಯಡ್ಕ, ಪೆರ್ಲ, ಮಂಜೇಶ್ವರ ಕಡೆ ಜಾತ್ರೆ, ಮದುವೆಗೆಲ್ಲ ಹೋಗುತ್ತೇವೆ. ಭಕ್ತಿಗೀತೆ ಮುಗಿದ ಕೂಡಲೇ ಮಲಯಾಳಂ ಫಾಸ್ಟ್ ಹಾಡು, ಆಮೇಲೆ ತುಳು, ನಡುವೆ ಹಳೆ ಕನ್ನಡದ್ದು. ನನ್ನಲ್ಲಿರುವುದು 14 ಇಂಚಿನ ಸ್ಟೀಲ್ ಸ್ನೇರ್ (ಅಡಿಯಲ್ಲಿ ತಂತಿಗಳಿರುವ ಡ್ರಮ್), ಐದೂವರೆ ಇಂಚು ಆಳ. ಒಂದು ಹಾಡಿಗೆ ಟ್ಯೂನ್ ಮಾಡಿದರೆ ಇನ್ನೊಂದಕ್ಕೆ ಒಗ್ಗುವುದಿಲ್ಲ. ಹೈಹ್ಯಾಟ್‌ನ (ಕಾಲಲ್ಲಿ ಒತ್ತುವ ಜೋಡಿ ತಾಳದ) ಎಡಕ್ಕೆ ಸಣ್ಣದೊಂದು ಸ್ನೇರ್ ಇಡುವ ಅಂತ. 10 ಇಂಚಾ, 12 ಇಂಚಾ? ಟಾಮ್ (ತಂತಿ ಇಲ್ಲದ ಡ್ರಮ್) ಹೊಡೆದರೆ ಅದೂ ಜುರ್ ಅಂತದಂತೆ, ಹೌದಾ?

ಉಪ್ಪಳದ ಹಳೇ ಡ್ರಮ್ಮರ್:
12 ತಗೊಳ್ಳಿ ಮಾರಾಯ್ರೆ. 10 ಇಂಚಿನದ್ದು ಪಟಪಟ ಅಂತ ಚುರುಕಾಗಿ ಕೇಳುತ್ತದೆ, ಆದರೆ ಕೋಲು ಅಡ್ಡ ಇಟ್ಟು ರಿಮ್ (ಅಂಚಿನ ಬಳೆ) ಹೊಡೆಯಲು ಜಾಗ ಸಾಲದು. ಭಕ್ತಿಗೀತೆಗೆ ಅದೇ ಬೇಕಲ್ವಾ? ಮೆಷಿನ್ ಬೀಟ್‌ಗಳನ್ನು ಕೈಯಲ್ಲೇ ನುಡಿಸುವ ಜೋಜೋ ಮೇಯರ್ ಪಕ್ಕದಲ್ಲಿ ಸಣ್ಣ ಸ್ನೇರ್ ಇಡುತ್ತಾರೆ. ಅವರ ಕೆಲಸ ಬೇರೆ, ನಮ್ಮದು ಬೇರೆ.

ದೊಡ್ಡದನ್ನು ಸ್ವಲ್ಪ ಇಳಿಸಿ ಟ್ಯೂನ್ ಮಾಡಿ, ಸಣ್ಣದನ್ನು ಬಿಗಿ ಮಾಡಿ. ಎರಡೂ ಹತ್ತಿರ ಹತ್ತಿರ ಕೇಳಿಸಿದರೆ ಹೊತ್ತದ್ದೇ ಬಂತು. ಚೆಂಡೆ, ಮದ್ದಳೆ ಒಂದೇ ತರ ನುಡಿದರೆ ಹಿಮ್ಮೇಳಕ್ಕೆ ಎರಡು ಯಾಕೆ?

ಜುರ್ ಅನ್ನುವುದು ನಿಜ. ಕೆಳಗಿನ ಹೆಡ್‌ಗೆ (ಡ್ರಮ್‌ನ ಹೊದಿಕೆಗೆ) ತಾಗಿರುವ ತಂತಿಗಳು ಟಾಮ್‌ಗೂ ನಡುಗುತ್ತವೆ, ಬೇಸ್ ಗಿಟಾರ್‌ಗೂ ನಡುಗುತ್ತವೆ. ಬಾರಿಸದಾಗ ಬದಿಯ ಲಿವರ್ ಇಳಿಸಿಬಿಡಿ, ತಂತಿ ಹೆಡ್ ಬಿಟ್ಟು ಕೆಳಗೆ ಬರುತ್ತದೆ. ಹಾಗೇ ಹೊಡೆದರೆ ಟಿಂಬಾಲೆ (ಲ್ಯಾಟಿನ್ ಸಂಗೀತದ ಲೋಹದ ಡ್ರಮ್) ತರ ಟಣ್ ಅನ್ನುತ್ತದೆ. ಫಾಸ್ಟ್ ಹಾಡಿನ ನಡುವೆ ಒಳ್ಳೆ ಮಜಾ. ಲಿವರ್ ಮೇಲಿದ್ದಾಗಲೂ ಒಂದೇ ಟಾಮ್‌ಗೆ ಜಾಸ್ತಿ ಜುರ್ ಬಂದರೆ ಆ ಟಾಮ್‌ನ ಶ್ರುತಿ ಸ್ವಲ್ಪ ಆಚೀಚೆ ಮಾಡಿ. ತಂತಿಯನ್ನೇ ಬಿಗಿದು ಬಿಗಿದು ನಿಲ್ಲಿಸಲು ಹೋಗಬೇಡಿ, ಸ್ನೇರ್‌ನ ಉಸಿರೇ ಕಟ್ಟುತ್ತದೆ.

ಮತ್ತೆ, ನಮ್ಮ ಕಡಲ ಗಾಳಿಗೆ ತಂತಿ ಬೇಗ ತುಕ್ಕು ಹಿಡಿಯುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಒರೆಸಿಡಿ.

ಮುಳ್ಳೇರಿಯ ಸೌಂಡಿನವ:
ತೆಗೆದುಕೊಳ್ಳುವ ಮೊದಲು ನಮ್ಮನ್ನೂ ಒಂದು ಮಾತು ಕೇಳಿ! ಎರಡನೇ ಸ್ನೇರ್ ಅಂದರೆ ಇನ್ನೊಂದು ಮೈಕ್, ಮಿಕ್ಸರ್‌ನಲ್ಲಿ ಇನ್ನೊಂದು ಚಾನಲ್. ಸಣ್ಣ ಜಾತ್ರೆಗೆ ತರುವ ಮಿಕ್ಸರ್‌ನಲ್ಲಿ ಗಾಯಕರಿಗೇ ಚಾನಲ್ ಸಾಲುವುದಿಲ್ಲ. ಎರಡು ಸ್ನೇರ್ ನಡುವೆ ಒಂದೇ ಮೈಕ್ ಇಡಿ ಅನ್ನುತ್ತಾರೆ ಕೆಲವರು. ಅಲ್ಲಿ ಹೈಹ್ಯಾಟ್‌ನದ್ದೇ ಗಲಾಟೆ.

ಕುಂಬಳೆಯವ:
ಚಾನಲ್ ವಿಷಯ ತಲೆಗೇ ಹೋಗಿರಲಿಲ್ಲ. ಸಣ್ಣ ಕಾರ್ಯಕ್ರಮಕ್ಕೆ ಒಂದೇ ಸ್ನೇರ್‌ನಲ್ಲಿ ಏನಾದರೂ ಉಪಾಯ ಉಂಟಾ?

ಉಪ್ಪಳದ ಹಳೇ ಡ್ರಮ್ಮರ್:
ಉಂಟು. ಬಿಗಿಯಾಗಿಯೇ ಟ್ಯೂನ್ ಮಾಡಿಟ್ಟುಕೊಳ್ಳಿ. ನಿಧಾನದ ಹಾಡು ಬಂದಾಗ ಹೆಡ್ ಮೇಲೆ ತೆಳು ಬೈರಾಸ ಹಾಸಿ. ಧಪ್ ಅಂತ ತಗ್ಗಿನ ಸದ್ದು ಬರುತ್ತದೆ. ಹಾಡು ಮುಗಿದ ಕೂಡಲೇ ಎಳೆದು ಹೆಗಲಿಗೆ ಹಾಕಿದರಾಯಿತು, ಬೆವರು ಒರೆಸಲಿಕ್ಕೂ ಆಗುತ್ತದೆ.