ಟ್ರೇಡ್ ಟೆಸ್ಟ್‌ಗೆ ಬಂದು ಆಯ್ಕೆಯಾಗದವರಿಗೆ ಹೆಂಗ ತಿಳಿಸೋದು?

ತಾರಿಹಾಳ_ಎಚ್‌ಆರ್:
ತಾರಿಹಾಳದಾಗ ಸಣ್ಣ ಮಷೀನ್ ಶಾಪ್. ಸಿಎನ್‌ಸಿ (ಕಂಪ್ಯೂಟರ್ ನಡಸೋ ಮಷೀನ್) ಆಪರೇಟರ್ ಹುದ್ದೆ ಎರಡು, ಅರ್ಜಿ 60. ಮಷೀನ್ ಮ್ಯಾಲೆ ಕೆಲಸ ಮಾಡಿಸಿ ನೋಡೋ ಟ್ರೇಡ್ ಟೆಸ್ಟ್‌ಗೆ 14 ಮಂದಿ ಬಂದಿದ್ರು. ಉಳಿದವ್ರಿಗೆ ಫೋನ್ ಮಾಡ್ಬೇಕೋ, ವಾಟ್ಸಾಪ್ ಸಾಕೋ? ಕಾರಣ ಹೇಳಿದ್ರ ವಾದಕ್ಕ ನಿಂದರ್ತಾರ, ಬ್ಯಾಡ ಅಂತಾರ ಸಾಹೇಬ್ರು.

ಶಾಪ್‌ಫ್ಲೋರ್_ಹುಬ್ಬಳ್ಳಿ:
ಬರೇ ಅರ್ಜಿ ಹಾಕಿದವ್ರಿಗೆ ಮೆಸೇಜ್ ಸಾಕ್ರಿ. ಟೆಸ್ಟ್‌ಗೆ ಬಂದವ್ರು ಒಂದಿನದ ಪಗಾರ ಬಿಟ್ಟು ಬಂದಿರ್ತಾರ, ಅವ್ರಿಗೆ ಫೋನೇ ಮಾಡ್ರಿ.

ಎತ್ತಿದ ಕೂಡಲೇ "ಈಗ ಮಾತಾಡಾಕ ಆಗತ್ತೇನ್ರಿ" ಅಂತ ಕೇಳ್ರಿ. ಭಾಳ ಮಂದಿ ಈಗಿನ ಕಂಪನಿ ಮಷೀನ್ ಮುಂದ ನಿಂತಿರ್ತಾರ, ಬಾಜೂಕ ಸೂಪರ್‌ವೈಸರ್ ಇರ್ತಾನ. ಆಮ್ಯಾಲೆ ಮೊದಲ ಮಾತಿನಾಗ ನಿರ್ಧಾರ ಹೇಳಿಬಿಡ್ರಿ. "ನಿಮ್ಮ ಅನುಭವ ಚಲೋ ಐತಿ, ಕೈನೂ ಚಲೋ ಐತಿ…" ಅಂತ ಎಳದ್ರ ಆ ಕಡಿಯವ ಕೆಲಸ ಸಿಕ್ಕತಂತನ ತಿಳ್ಕೊಂತಾನ.

ಕಾರಣ ಒಂದೇ ಇರ್ಲಿ, ಅದೂ ಟೆಸ್ಟ್ ಶೀಟ್‌ನಾಗ ಬರದಿದ್ದು. "ಟೂಲ್ ಆಫ್‌ಸೆಟ್ (ಟೂಲಿನ ಅಳತಿ ಸರಿಪಡಿಸೋ ಅಂಕಿ) ಹಾಕೂಮುಂದ ಪ್ಲಸ್-ಮೈನಸ್ ಅದಲುಬದಲಾತು, ಬೋರ್ (ಒಳಗಿನ ತೂತು) 0.2 ಎಂಎಂ ದೊಡ್ಡದಾತು" ಅಂದ್ರ ವಾದಕ್ಕ ಜಾಗಾನ ಇಲ್ಲ. "ನಮ್ಮ ಕಂಪನಿಗೆ ಹೊಂದಂಗಿಲ್ಲ" ಅಂದ್ರ ನೋಡ್ರಿ, ಅಲ್ಲೇ ಜಗಳ ಶುರು. ಸಾಹೇಬ್ರಿಗೆ ಇದನ್ನ ಹೇಳ್ರಿ.

ಧಾರವಾಡ_ನೇಮಕಾತಿ:
ಮೂರು, ನಾಲ್ಕನೆಯ ಸ್ಥಾನದವರಿಗೆ ಈಗಲೇ ಪೂರ್ತಿ ಇಲ್ಲ ಎನ್ನಬೇಡಿ. ಆಫರ್ ಒಪ್ಪಿದವರು ನೋಟಿಸ್ ಪೀರಿಯಡ್ ಮುಗಿಯುವಷ್ಟರಲ್ಲಿ, ಹಳೆ ಕಂಪನಿ ಸಂಬಳ ಏರಿಸಿತೆಂದು ಕೈ ಕೊಡುವುದು ಮಾಮೂಲು. ಹಾಗಂತ ಬಾಯಿ ಮುಚ್ಚಿ ಕಾಯಿಸಲೂಬಾರದು: "ಸದ್ಯ ಆಯ್ಕೆಯಾಗಿಲ್ಲ, ವೇಟಿಂಗ್ ಲಿಸ್ಟ್‌ನಲ್ಲಿದ್ದೀರಿ, ಇಂಥ ತಾರೀಖಿನೊಳಗೆ ತಿಳಿಸುತ್ತೇವೆ. ಅಷ್ಟರಲ್ಲಿ ಬೇರೆಡೆ ಸಿಕ್ಕರೆ ಸೇರಿಕೊಳ್ಳಿ" ಅನ್ನಿ. ಉಳಿದ ಹತ್ತು ಜನಕ್ಕೆ ಎರಡು ದಿನದೊಳಗೆ ಹೇಳಿ ಮುಗಿಸಿ.

ನಿಮ್ಮ ಕೆಲಸಗಾರರೇ ಕಳಿಸಿದ ಹುಡುಗರಿದ್ದರೆ ಮೊದಲು ಹುಡುಗನಿಗೆ, ಆಮೇಲೆ ಕಳಿಸಿದವರಿಗೆ. ಉಲ್ಟಾ ಆದರೆ ಸುದ್ದಿ ಕ್ಯಾಂಟೀನಿನಿಂದ ಊರು ಮುಟ್ಟಿರುತ್ತದೆ. ಯಾರಿಗೆ ಸಿಕ್ಕಿತು, ಎಷ್ಟು ಪಗಾರ ಎಂದು ಕೇಳಿದರೆ ಹೇಳಬೇಡಿ.

ಮದುವೆ, ಮಗು, "ಕುಂದಗೋಳದಿಂದ ದಿನಾ ಓಡಾಡೋದು ಕಷ್ಟ" ಇವು ಕಾರಣಗಳೇ ಅಲ್ಲ. ನೇಮಕಾತಿಯಲ್ಲಿ ಲಿಂಗಭೇದವನ್ನು 2019ರ ವೇತನ ಸಂಹಿತೆ ನಿಷೇಧಿಸುತ್ತದೆ.

ತಾರಿಹಾಳ_ಎಚ್‌ಆರ್:
ಛಲೋ ಆತ್ರಿ. ಉಳಿದ 46 ಅರ್ಜಿದವ್ರಿಗೆ ವಾಟ್ಸಾಪ್ ಬ್ರಾಡ್‌ಕಾಸ್ಟ್ ನಡೀತದೇನು?

ಗದಗ_ಆಫೀಸು:
ಬ್ರಾಡ್‌ಕಾಸ್ಟ್ ನಿಮ್ಮ ನಂಬರ್ ಸೇವ್ ಮಾಡಿಕೊಂಡವ್ರಿಗಷ್ಟೇ ಮುಟ್ತದ. ಗ್ರೂಪ್ ಅಂತೂ ಮಾಡ್ಲೇಬ್ಯಾಡ್ರಿ, ಎಲ್ಲಾರ ನಂಬರ್ ಎಲ್ಲಾರಿಗೂ ಕಾಣ್ತಾವ. ಒಬ್ಬೊಬ್ರಿಗೇ ಕಳಸ್ರಿ, 46 ಏನು ದೊಡ್ಡದಲ್ಲ. ಕನ್ನಡ ಎಸ್ಸೆಮ್ಮೆಸ್ ಆದ್ರ ಒಂದಕ್ಕ 70 ಅಕ್ಷರ ಅಷ್ಟೇ, ಒತ್ತು-ಗುಣಿತಾನೂ ಎಣಿಕಿಗೆ ಬರ್ತಾವ. ಅದಕ್ಕ ವಾಟ್ಸಾಪ್‌ನಾಗೇ ಇಷ್ಟು ಬರದ್ರ ಸಾಕು:

"ನಮಸ್ಕಾರ. ಸಿಎನ್‌ಸಿ ಆಪರೇಟರ್ ಹುದ್ದೆಗೆ ನೀವು ಆಯ್ಕೆಯಾಗಿಲ್ಲ. 2 ವರ್ಷ ಟರ್ನಿಂಗ್ ಅನುಭವ ಇದ್ದವರನ್ನು ಮಾತ್ರ ಟೆಸ್ಟ್‌ಗೆ ಕರೆದಿದ್ದೆವು. ಅರ್ಜಿ ಹಾಕಿದ್ದಕ್ಕೆ ಧನ್ಯವಾದ."

ಕೆಳಗ ಕಂಪನಿ ಹೆಸರು, ನಿಮ್ಮ ಹೆಸರು. "ಮುಂದ ಕರೀತೀವಿ" ಅನ್ನೋದು ಖರೇನ ಕರೆಯೋರಿದ್ರ ಮಾತ್ರ. ಹಂಗೇ, ಇಸ್ಕೊಂಡ ಆಧಾರ್ ಜೆರಾಕ್ಸ್ ಹರದು ಹಾಕ್ರಿ. ಟೆಸ್ಟ್ ಶೀಟ್ ಫೈಲಿನಾಗಿರ್ಲಿ, ಯಾರರೆ ತಿರುಗಿ ಕೇಳಿದ್ರ ಬೇಕಾಗ್ತದ.