ಅತ್ತೆಗೂ ಹಾಲು ಆಗಲ್ಲ, ಮಗಳಿಗೂ ಆಗಲ್ಲ. ಎರಡೂ ಒಂದೇನಾ?

ಪುಟ್ಟಿಯ ಅಮ್ಮ: ಮಗಳಿಗೆ ಒಂಬತ್ತು ತಿಂಗಳು. ದಿನಾ ರಾಗಿ ಸರಿ ನೀರಲ್ಲೇ ಮಾಡುತ್ತಿದ್ದೆ, ನಿನ್ನೆ ಮೊದಲ ಸಲ ಹಸುವಿನ ಹಾಲು ಹಾಕಿದೆ. ಮೂರು ಚಮಚ ತಿಂದಿದ್ದಳು ಅಷ್ಟೇ, ಹತ್ತು ನಿಮಿಷದಲ್ಲಿ ತುಟಿ ಊದಿ, ಕುತ್ತಿಗೆ ತುಂಬಾ ಗಂಧೆ ಎದ್ದು, ವಾಂತಿಯೂ ಆಯಿತು. ಆಮೇಲೆ ತಾನಾಗಿ ಇಳಿಯಿತು. ಅತ್ತೆ ಹೇಳುತ್ತಾರೆ, "ನಂಗೂ ಹಾಲು ಕುಡಿದ್ರೆ ಹೊಟ್ಟೆ ಉಬ್ಬರ, ಮೊಸರು ಒಗ್ಗುತ್ತೆ. ಅವಳಿಗೂ ಮೊಸರೇ ಕೊಡಮ್ಮ." ಕೊಡಬಹುದಾ?

ಮಕ್ಕಳ ವಾರ್ಡ್ ನರ್ಸ್: ದಯವಿಟ್ಟು ಕೊಡಬೇಡಿ. ಅತ್ತೆಯವರದು ಅಲರ್ಜಿ ಅಲ್ಲ. ಹಾಲಿನಲ್ಲಿರುವ ಲ್ಯಾಕ್ಟೋಸ್ ಸಕ್ಕರೆಯನ್ನು ಒಡೆಯುವ ಕಿಣ್ವ ದೊಡ್ಡವರಾದ ಮೇಲೆ ತುಂಬಾ ಜನರಿಗೆ ಕಡಿಮೆಯಾಗುತ್ತದೆ, ಅರಗದ ಸಕ್ಕರೆ ದೊಡ್ಡ ಕರುಳಿಗೆ ಹೋಗಿ ಗ್ಯಾಸ್ ಆಗುತ್ತದೆ. ಹಾಲು ಹೆಪ್ಪುಗಟ್ಟುವಾಗ ಆ ಸಕ್ಕರೆ ಸ್ವಲ್ಪ ಕಡಿಮೆಯಾಗಿರುತ್ತದೆ, ಅದಕ್ಕೇ ಅವರಿಗೆ ಮೊಸರು ಹಿಡಿಸುತ್ತದೆ. ಕಾಫಿಗೆ ಹಾಕುವಷ್ಟು ಹಾಲನ್ನೂ ಇಂಥವರು ಸಾಮಾನ್ಯವಾಗಿ ತಡೆದುಕೊಳ್ಳುತ್ತಾರೆ.

ಪಾಪುಗೆ ಆಗಿರುವುದು ಅಲರ್ಜಿ ಥರ ಕಾಣುತ್ತಿದೆ. ಇಲ್ಲಿ ತೊಂದರೆ ಸಕ್ಕರೆಯದಲ್ಲ, ಪ್ರೋಟೀನಿನದು. ಅದನ್ನು ಮೈ ವೈರಿ ಅಂದುಕೊಂಡು ತಿರುಗಿಬೀಳುತ್ತದೆ. ಆ ಪ್ರೋಟೀನ್ ಮೊಸರು, ಪನೀರ್, ಖೋವಾ ಎಲ್ಲದರಲ್ಲೂ ಇದೆ, ಎಮ್ಮೆ ಹಾಲು ಮೇಕೆ ಹಾಲಿನದೂ ಹೆಚ್ಚುಕಮ್ಮಿ ಅಂಥದ್ದೇ. ಮತ್ತೆ ಹೀಗಾಗಲು ಒಂದು ಚಮಚವೂ ಸಾಕು. ಮುಂದೆ ಯಾವತ್ತಾದರೂ ಉಸಿರು ಕಟ್ಟಿದರೆ, ಬಿಡದೆ ಕೆಮ್ಮಿದರೆ, ಮಗು ಮಂಕಾದರೆ ಅಲರ್ಜಿ ಸಿರಪ್ ಹಾಕಿ ಕಾಯುತ್ತಾ ಕೂರಬೇಡಿ. ಆಗ ಬೇಕಾಗುವುದು ಅಡ್ರಿನಲಿನ್ ಇಂಜೆಕ್ಷನ್, ತಕ್ಷಣ ಆಸ್ಪತ್ರೆಗೆ ಓಡಿ.

ಕುಡ್ಲದವ: ಇವೆರಡಕ್ಕೂ ಸೇರದ ಇನ್ನೊಂದಿದೆ. ಒಮ್ಮೆ ಬಂಗುಡೆ ಸಾರು ಉಂಡು ಅರ್ಧ ಗಂಟೆಯಲ್ಲಿ ಮುಖ ಕೆಂಡದ ಹಾಗೆ ಕೆಂಪಾಯಿತು, ತಲೆ ಸಿಡಿಯಿತು. ಮೀನು ಅಲರ್ಜಿ ಅಂತ ಒಂದು ವರ್ಷ ಸುಮ್ನೆ ಬಿಟ್ಟಿದ್ದೆ. ಡಾಕ್ಟರ್ ಕೇಳಿದ್ದು ಒಂದೇ, "ಜೊತೆಗೆ ಉಂಡವರಿಗೂ ಆಯ್ತಾ?" ತಮ್ಮನಿಗೂ ಆಗಿತ್ತು! ಐಸ್ ಇಲ್ಲದೆ ಇಟ್ಟ ಬಂಗುಡೆಯಲ್ಲಿ ಅಲರ್ಜಿಯಂಥದ್ದೇ ಲಕ್ಷಣ ತರುವ ಹಿಸ್ಟಮಿನ್ ಅನ್ನುವ ವಸ್ತು ಜಾಸ್ತಿಯಾಗುತ್ತದಂತೆ, ಎಷ್ಟು ಕುದಿಸಿದರೂ ಹೋಗಲ್ಲ. ಈಗ ತಾಜಾ ಬಂಗುಡೆ ತಿನ್ನುತ್ತೇನೆ, ಏನೂ ಆಗಿಲ್ಲ.

ಪುಟ್ಟಿಯ ಅಮ್ಮ: ಅತ್ತೆಗೆ ಓದಿ ಹೇಳಿದೆ, ಅವರೇ ಮೊಸರಿನ ಬಟ್ಟಲು ಒಳಗಿಟ್ಟರು. ತುಪ್ಪ ಹಾಕಬಹುದಾ ಅಂತ ಕೇಳುತ್ತಿದ್ದಾರೆ.

ಮಕ್ಕಳ ವಾರ್ಡ್ ನರ್ಸ್: ತುಪ್ಪದಲ್ಲೂ ಪ್ರೋಟೀನ್ ಸ್ವಲ್ಪ ಉಳಿದಿರಬಹುದು, ಡಾಕ್ಟರ್ ನೋಡುವ ತನಕ ಬೇಡ. ಬಿಸ್ಕತ್ತು, ರಸ್ಕ್ ಪ್ಯಾಕೆಟ್ ಹಿಂದೆ ಹಾಲಿನ ಪುಡಿ ಇದೆಯಾ ಓದಿ. ಗಂಧೆಯ ಫೋಟೋ ಇದ್ದರೆ ಜೊತೆಗೆ ಒಯ್ಯಿರಿ. ತುಂಬಾ ಮಕ್ಕಳಿಗೆ ಬೆಳೀತಾ ಬೆಳೀತಾ ಇದು ಬಿಟ್ಟುಹೋಗುತ್ತದೆ, ಆದರೆ ಹೋಗಿದೆಯಾ ಅಂತ ಮನೆಯಲ್ಲಿ ಕೊಟ್ಟು ನೋಡಬೇಡಿ.